ಮಂತ್ರಿ ಸಮೇತ ಗುರುಪುರದ ಕಡೆಗೆ

ಎನ್. ಬೇಗೂರು,
ಎಚ್.ಡಿ. ಕೋಟೆ ತಾಲ್ಲೂಕು.
14 ಮೇ 2025, ಬುಧವಾರ, ಮಧ್ಯಾಹ್ನ.

ಪ್ರಿಯ ಮಿತ್ರ ನಂಜುಂಡನಿಗೆ ಕೆ.ಆರ್. ನಗರದ ಜಾನ್ ಪಾಷಾ ಮಾಡುವ ನಮಸ್ಕಾರಗಳು.

ಮೊದಲು ನಿನ್ನ ಹೆಂಡತಿ ಪ್ರೇಮಾಳಿಗೆ ಒಂದು ಮಾತು. ತಂಗೀ, ಈ ಕಾಗದವನ್ನು ಅವನ ಕೈಗೆ ಕೊಡಬೇಡ. ಕೊಟ್ಟರೆ ಒಲೆಗೆ ಹಾಕುತ್ತಾನೆ. ನೀನೇ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದು. ಅವನು ಎದ್ದು ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ ಕೇಳುವ ಹಾಗೆ ಓದು. ನನ್ನ ಮಾತನ್ನು ಮೆಲ್ಲಗೆ ಓದಿದರೆ ಅದಕ್ಕೆ ಜೀವವೇ ಇರುವುದಿಲ್ಲ. ಮೈಕು ಕೆಟ್ಟ ರಾತ್ರಿಗಳಲ್ಲಿ, ಕಡೆಯ ಸಾಲಿನಲ್ಲಿ ಕಡಲೆಕಾಯಿ ಸುಲಿಯುವವನಿಗೂ ಮುಟ್ಟಲಿ ಎಂದು ಕಲಿತ ಮಾತು ಇದು.

ಈಗ ನಿನಗೆ, ನಂಜುಂಡ. ಬರೆಯುವುದು ತಡವಾಯಿತು. ಒಂದು ವಾರ ತಡವಾಗಿದ್ದರೆ ಜ್ವರ ಎನ್ನುತ್ತಿದ್ದೆ. ಆರು ತಿಂಗಳಾಗಿದ್ದರೆ ನಾಟಕದ ಸೀಸನ್ನು ಎನ್ನುತ್ತಿದ್ದೆ. ಹನ್ನೊಂದು ವರ್ಷಕ್ಕೆ ಹೊಂದುವ ನೆಪವನ್ನು ಯಾವ ನಾಟಕದ ಮೇಷ್ಟ್ರೂ ನನಗೆ ಕಲಿಸಿಕೊಟ್ಟಿಲ್ಲ. ಫೋನು ಮಾಡಿದ್ದೆ, ಎರಡು ಸಲ. ಎರಡು ಸಲವೂ ಪ್ರೇಮಾ, "ಅವ್ರು ಒಲದ ತಾವ ಓಗವ್ರೆ ಕಣಣ್ಣ" ಎಂದಳು. ಹಿಂದೆಯೇ ನಿನ್ನ ಕೆಮ್ಮು ಕೇಳಿಸಿತು. ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೇ? ಇಪ್ಪತ್ತಾರು ವರ್ಷ ಆ ಕೆಮ್ಮನ್ನು ಬಲಗಡೆ ಇಟ್ಟುಕೊಂಡು ಸಿಂಹಾಸನದ ಮೇಲೆ ಕುಳಿತವನು ನಾನು. ನಾನು ರಾಜ ಚಂಡವರ್ಮ, ನೀನು ಮಂತ್ರಿ ಸುಬುದ್ಧಿ. ಪಿರಿಯಾಪಟ್ಟಣದಿಂದ ಸಾಲಿಗ್ರಾಮದವರೆಗೆ ನಮ್ಮಿಬ್ಬರನ್ನು ಬಿಡಿ ಬಿಡಿಯಾಗಿ ಕರೆಸಿದ ಊರು ಒಂದೂ ಇರಲಿಲ್ಲ.

ಆಮೇಲೆ ನಿಮ್ಮ ಗುರುಪುರದ ನಾಟಕ. ನಾಟಕದಲ್ಲಿ ಇಲ್ಲದ ಒಂದು ಮಾತನ್ನು ನಾನು ನಿನ್ನ ಮೇಲೆ ಆಡಿದೆ. ಜನ "ಒನ್ಸ್ ಮೋರ್" ಎಂದರು. ಮತ್ತೆ ಆಡಿದೆ. ಮತ್ತೂ ಎಂದರು, ಮತ್ತೂ ಆಡಿದೆ. ನೀನು ಮಂತ್ರಿಯ ಪೇಟವನ್ನು ಸ್ಟೇಜಿನ ಹಲಗೆಯ ಮೇಲಿಟ್ಟು ಇಳಿದು ಹೋದವನು ಇಂದಿನವರೆಗೆ ನನ್ನ ಮುಖ ನೋಡಿಲ್ಲ.

ಹಾಗಾಗಿ ನೇರವಾಗಿ ಕೇಳುತ್ತೇನೆ. ಬರುವ ಶನಿವಾರ ನಾನು ಇಲ್ಲಿಂದ ಕೋಟೆ ಮಾರ್ಗವಾಗಿ ಹುಣಸೂರಿಗೆ ಹಿಂದಿರುಗುತ್ತೇನೆ. ಬೆಳಗ್ಗೆ ಹತ್ತಕ್ಕೆ ಗುರುಪುರದ ತಿರುವಿನಲ್ಲಿ ವ್ಯಾನು ನಿಲ್ಲಿಸುತ್ತೇನೆ. ಹನ್ನೆರಡರವರೆಗೆ ಅಲ್ಲೇ ಇರುತ್ತೇನೆ. ನೀನು ಬಂದು ಕರೆದರೆ ಮನೆಗೆ ಬರುತ್ತೇನೆ. ಕರೆಯದಿದ್ದರೆ ಹುಣಸೂರಿಗೆ ಹೋಗುತ್ತೇನೆ. ಇಷ್ಟೇ ವಿಷಯ. ಆದರೆ ವಿಷಯ ಇಷ್ಟೇ ಎಂದು ಮೂರು ಸಾಲು ಬರೆದು ಮುಗಿಸುವ ಗಂಟಲು ನನ್ನದಲ್ಲವೆಂದು ನಿನಗೆ ಗೊತ್ತು. ಈ ಕಡೆಗೆ ನಾನು ಹೇಗೆ ಬಂದೆ ಎಂಬುದನ್ನು ಕೇಳು.

ಜೀವಮಾನದಲ್ಲಿ ಮೊದಲ ಸಲ ರಜೆ ಹಾಕಿದ್ದೇನೆ. ಹಾಕಿದ್ದೇನೆ ಎನ್ನುವುದಕ್ಕಿಂತ ಹಾಕಿಸಿದರು ಎನ್ನಬೇಕು. ನಮ್ಮ ಸೀನರಿ ಅಂಗಡಿಯನ್ನು ಈಗ ಮಗ ವಕಾರ್ ನೋಡುತ್ತಾನೆ. ಅರಮನೆ, ಕಾಡು, ಸ್ಮಶಾನ, ಬೀದಿ, ನಮ್ಮ ಆ ಪರದೆಗಳನ್ನೆಲ್ಲ ಸುತ್ತಿ ಅಟ್ಟದ ಮೇಲಿಟ್ಟು, ಮದುವೆ ಸ್ಟೇಜಿಗೆ ಹೂವಿನ ಕಮಾನು ಕಟ್ಟಿಸುತ್ತಾನೆ. ತಪ್ಪೇನಿಲ್ಲ, ಚೆನ್ನಾಗಿಯೇ ನಡೆಸುತ್ತಿದ್ದಾನೆ. ಹೋದ ವಾರ ಹೇಳಿದ: "ಅಬ್ಬಾ, ನೀವು ಎಲ್ಲಾದ್ರೂ ಎಂಟು ದಿನ ತಿರುಗಾಡ್ಕೊಂಡು ಬನ್ನಿ. ಸ್ಟೇಜ್ ಬುಕ್ ಮಾಡೋಕೆ ಬಂದೋರ ಹತ್ರ ನೀವು ಮಾತಿಗೆ ಕೂತ್ರೆ ಮುಹೂರ್ತಾನೇ ಮೀರಿ ಹೋಗುತ್ತೆ."

ಆಗಲಿ ಕುಮಾರಾ, ನಿನ್ನ ಇಚ್ಛೆಯಂತೆಯೇ ಆಗಲಿ ಎಂದು ಹಳೇ ಓಮ್ನಿಯನ್ನು ತೊಳೆದೆ. ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿದೆ. ಹಳೆಯ ಕಂಪನಿಯವರನ್ನೆಲ್ಲ ಒಂದು ಸುತ್ತು ನೋಡಿ ಬರುವುದೆಂದು ತೀರ್ಮಾನಿಸಿದೆ.

ನನ್ನ ಜೊತೆ ಬಂದಿರುವವನ ವಿಷಯವನ್ನು ನೀನು ಬೇರೆಯವರ ಬಾಯಲ್ಲಿ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅವನು ಒಂದು ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು. ಹೆಸರು ಮಂತ್ರಿ.

ಪ್ರೇಮಾ, ಇಲ್ಲಿ ಸ್ವಲ್ಪ ನಿಲ್ಲಿಸು. ಅವನು ಬೈದು ಮುಗಿಸಲಿ.

ಮುಗಿಯಿತೇ? ಈಗ ಕೇಳು. ನಾಲ್ಕು ವರ್ಷದ ಹಿಂದೆ ಸಾಲಿಗ್ರಾಮದ ಹತ್ತಿರ ಒಂದು ಊರಿನಲ್ಲಿ ಸ್ಟೇಜು ಬಿಚ್ಚುವಾಗ ಹಲಗೆಯ ಕೆಳಗೆ ಸಿಕ್ಕ ಮರಿ. ಯಾರೂ ಕರೆಯದೆ ವ್ಯಾನು ಹತ್ತಿತು. ಹತ್ತಿ, ಕಿರೀಟದ ಪೆಟ್ಟಿಗೆಯ ಬಲಗಡೆ ಹೋಗಿ ಕುಳಿತಿತು. ನಾನು ಸುಮ್ಮನೆ ಗಂಟಲು ಸರಿಮಾಡಿಕೊಳ್ಳಲು ಎರಡು ಮಾತು ಹೇಳಿದರೆ ತಲೆ ಓರೆ ಮಾಡಿ ಕೇಳಿತು. ಆ ಜಾಗ ಏಳು ವರ್ಷದಿಂದ ಖಾಲಿ ಇತ್ತು ನಂಜುಂಡ. ನಿನ್ನ ನಂತರ ಇಬ್ಬರು ಮಂತ್ರಿಗಳನ್ನು ಹಾಕಿ ನೋಡಿದೆ. ಒಬ್ಬ ನಾನು ಮಾತನಾಡುವಾಗ ಮೊಬೈಲು ನೋಡುತ್ತಿದ್ದ. ಇನ್ನೊಬ್ಬ ನನ್ನ ಮಾತನ್ನೂ ತಾನೇ ಹೇಳಿಬಿಡುತ್ತಿದ್ದ. ಈ ನಾಯಿ ಒಂದೇ ಸುಮ್ಮನೆ ಕುಳಿತು ಪೂರ್ತಿ ಕೇಳಿದ್ದು. ಆ ಹೆಸರು ಬಾಯಿಗೆ ತಾನಾಗಿ ಬಂತು. ನಿನ್ನನ್ನು ಹೀಗಳೆಯಲು ಇಟ್ಟದ್ದಲ್ಲ. ದಿನಕ್ಕೆ ಹತ್ತು ಸಲ ಆ ಹೆಸರು ಕೂಗುವ ಆಸೆಗೆ ಇಟ್ಟದ್ದು.

ನಮ್ಮ ಮನೆಯಾಕೆ ನಾಯಿಯನ್ನು ಹೊಸ್ತಿಲು ದಾಟಿಸಲಿಲ್ಲ. ಅದರ ಎಂಜಲು ತಾಗಿದ ಬಟ್ಟೆಯಲ್ಲಿ ನಮಾಜು ಆಗದಲ್ಲ. ಹೊರಡುವ ದಿನ ಬಷೀರಾಬಿ ತಾನೇ ಬಂದು ವ್ಯಾನಿನೊಳಗೆ ಗಡಿ ಗುರುತಿಸಿದಳು. "ನಿಮ್ಮ ಮಂತ್ರಿ ಹಿಂದೆ. ನಿಮ್ಮ ಜಾನಮಾಜು ಚಾಪೆ, ಒಗೆದ ಬಟ್ಟೆ, ನೀರಿನ ಕ್ಯಾನು ಮುಂದೆ. ಅದು ಇತ್ತ ಬರಬಾರದು, ಇದು ಅತ್ತ ಹೋಗಬಾರದು." ನಾನು, "ಅಪ್ಪಣೆ ಮಹಾರಾಣಿ" ಎಂದೆ. ಅವಳು ನಗಲಿಲ್ಲ. "ಎಲ್ಲರ ಮನೆಗೂ ಹೋಗಿ ಗುರುಪುರ ಒಂದು ಬಿಟ್ಟು ಬಂದರೆ ನಿಮಗೂ ಹೊಸ್ತಿಲು ಇಲ್ಲ" ಎಂದಳು. ಪಿಳಿಪಿಳಿ ಕಣ್ಣು ಬಿಟ್ಟು ನಾಯಿಯೂ ನಾನೂ ಅವಳನ್ನು ನೋಡಿದೆವು.

ಶನಿವಾರ ಹೊರಟೆವು. ದಾರಿಯುದ್ದಕ್ಕೂ ಮುಂಗಾರಿಗೆ ಮುಂಚಿನ ಮಳೆ ಬಿದ್ದು ಹೊಗೆಸೊಪ್ಪಿನ ಸಸಿ ನೆಡುವ ಗಡಿಬಿಡಿ. ಹುಣಸೂರಿನ ಸರ್ಕಲ್ಲಿನಲ್ಲಿ ಒಂದು ಪ್ರಹಸನ ನಡೆಯಿತು. ನಮ್ಮ ನಾಟಕದ ಸೀಟಿ ನಿನಗೆ ನೆನಪಿದೆಯಲ್ಲ? ಮೇಷ್ಟ್ರು ಒಳಗಿಂದ ಸೀಟಿ ಊದಿದರೆ ಪರದೆ ಏಳುತ್ತದೆ, ಇದ್ದವರು ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಟ್ರಾಫಿಕ್ ಪೊಲೀಸಿನವರು ಹೋಗು ಹೋಗು ಎಂದು ಸೀಟಿ ಊದಿದರು. ನಾನು ಬ್ರೇಕು ಒತ್ತಿ, ಬೆನ್ನು ಸೆಟೆಸಿ, ಗದ್ದ ಎತ್ತಿ ಕಲ್ಲಾದೆ. ಹಿಂದೆ ಮಂತ್ರಿಯೂ ಉಸಿರು ಕಟ್ಟಿ ಮಲಗಿತು. ಇಡೀ ಮೈಸೂರು ರಸ್ತೆ ನಮ್ಮ ಹಿಂದೆ ಹಾರನ್ನು ಹೊಡೆಯುತ್ತಿದೆ. ಪೊಲೀಸಿನವರು ಕಿಟಕಿ ತಟ್ಟಿ, "ಏನ್ ಯಜಮಾನ್ರೇ, ನಾಟಕ ಆಡ್ತಿದ್ದೀರಾ?" ಎಂದರು.

"ಹೌದು ಸ್ವಾಮಿ, ನಲವತ್ತು ವರ್ಷದಿಂದ" ಎಂದೆ. ಪಾಪ, ಒಳ್ಳೆಯವರು, ನಕ್ಕು ಬಿಟ್ಟು ಕಳಿಸಿದರು.

ಪಿರಿಯಾಪಟ್ಟಣದಲ್ಲಿ ಭಾಗ್ಯಮ್ಮನವರ ಹೋಟೆಲು. ನಮ್ಮ ಮಹಾರಾಣಿ ಪಾತ್ರದ ಭಾಗ್ಯಮ್ಮ ಈಗ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬೆಳಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಮುದ್ದೆ ಊಟ ನಡೆಸುತ್ತಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಆದರೆ ಸೌಟು ಹಿಡಿದು ತಿರುಗಿ ನೋಡಿದರೆ ಇವತ್ತಿಗೂ ಒಂದು ಅಂಕ ಮುಗಿದ ಹಾಗೆ.

"ಏನ್ ರಾಜ್ರೇ, ದಂಡಿಲ್ಲ ದಾಳಿಯಿಲ್ಲ, ಒಬ್ರೇ ಬಂದ್ಬುಟ್ರಿ?" ಎಂದರು.

"ಒಬ್ಬನೇ ಅಲ್ಲ ದೇವೀ, ಮಂತ್ರಿ ಇದ್ದಾನೆ."

ಅವರ ಮುಖ ಹೊಳೆದುಬಿಟ್ಟಿತು. ಸೌಟು ಬಿಟ್ಟು, ಕೈ ಒರೆಸಿಕೊಂಡು ಬೀದಿಗೆ ಓಡಿ ಬಂದರು. ವ್ಯಾನಿನ ಬಾಗಿಲು ತೆರೆದೆ. ನಾಯಿ ಇಳಿದು ಮೈ ಮುರಿಯಿತು. ಭಾಗ್ಯಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. "ಥೂ ನಿಮ್ಮ" ಎಂದು ಒಳಗೆ ಹೋದರು. ಅವರು ನಿನ್ನನ್ನು ಕಾಣಲು ಓಡಿ ಬಂದಿದ್ದರು ನಂಜುಂಡ. ನನ್ನ ಹಾಸ್ಯದ ಬೆಲೆ ನನಗೆ ಅಲ್ಲೇ ತಿಳಿಯಿತು.

ಎರಡು ದಿನ ಅಲ್ಲಿದ್ದೆ. ಮಲಗುವುದು ವ್ಯಾನಿನಲ್ಲಿ, ಊಟ ಅವರ ಹೋಟೆಲಿನಲ್ಲಿ. ನಾಯಿಗೆ ಮಾತ್ರ ನನಗಿಂತ ಮರ್ಯಾದೆ. ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ಹಾಕಿ, "ತಿನ್ನಪ್ಪ, ನಿನ್ ತೆಪ್ಪೇನಿಲ್ಲ, ನಿಂಗೆ ಆ ಎಸ್ರು ಇಟ್ಟೋರ್ ತೆಪ್ಪು" ಎನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಎದುರಿಗೆ ಬಂದು ಕುಳಿತರು.

"ಗುರುಪುರಕ್ಕೆ ಯಾವಾಗ?"

ನಾನು ನನ್ನ ಹಳೆಯ ಪಾಠ ಒಪ್ಪಿಸಿದೆ. ನಾನೇನು ಬೇಕೆಂದು ಆಡಿದೆನೇ? ಜನ ಬಿಡಲಿಲ್ಲ. ಒನ್ಸ್ ಮೋರ್ ಬಿದ್ದ ಮೇಲೆ ನಟ ಇಲ್ಲ ಎನ್ನುವ ಹಾಗಿಲ್ಲ, ಅದು ನಮ್ಮ ವೃತ್ತಿಯ ಧರ್ಮ. ಬೇಕಿದ್ದರೆ ಪರದೆ ಬೀಳಬೇಕಿತ್ತು. ಪರದೆಯ ಹಗ್ಗ ಹಿಡಿದ ಕರಿಯ ಬೀಡಿ ಸೇದಲು ಹೋಗಿದ್ದ, ಬೀಳಲಿಲ್ಲ. ಇದರಲ್ಲಿ ನನ್ನದೇನು?

ಭಾಗ್ಯಮ್ಮ ಪೂರ್ತಿ ಕೇಳಿದರು. ಅವರೂ ಒಳ್ಳೆಯ ನಟಿ, ಮಾತಿಗೆ ಅಡ್ಡ ಬರುವವರಲ್ಲ. ಆಮೇಲೆ, "ಒನ್ಸ್ ಮೋರ್ ಅಂದಿದ್ದು ಜನ. ಬಾಯಿ ಯಾರ್ದು ರಾಜ್ರೇ?" ಎಂದರು.

ನಾನು ಎದ್ದು ಹೋಗಿ ನಾಯಿಯ ತಟ್ಟೆ ತೊಳೆದೆ. ಹೊರಡುವಾಗ ನಾಯಿಗೆ ಒಂದು ಡಬ್ಬಿಯಲ್ಲಿ ಮುದ್ದೆ ಕಟ್ಟಿಕೊಟ್ಟರು. ನಿಮ್ಮ ಮನೆಯ ಸಮಾಚಾರವನ್ನೂ ಅವರೇ ಹೇಳಿದ್ದು. ಪ್ರೇಮಾ ಅವರಿಗೆ ಆಗಾಗ ಫೋನು ಮಾಡುತ್ತಾಳಂತೆ. ನಿಮ್ಮ ಸಂಘಮಿತ್ರ ಡಿ.ಎಡ್. ಮುಗಿಸಿ ಟೀಚರಾಗಿದ್ದಾಳೆ, ಬೇಸಿಗೆ ರಜೆಗೆ ಊರಿನಲ್ಲೇ ಇದ್ದಾಳೆ ಎಂದು ಕೇಳಿ ಸಂತೋಷವಾಯಿತು. ಇನ್ನೂ ಒಂದು ಮಾತು ಹೇಳಿದರು. ಅದನ್ನು ಆಮೇಲೆ ಬರೆಯುತ್ತೇನೆ, ಧೈರ್ಯ ಬಂದರೆ.

ಸೋಮವಾರ ಹುಣಸೂರಿಗೆ ಹಿಂದಿರುಗಿ ಕೋಟೆ ರಸ್ತೆ ಹಿಡಿದೆ. ಗುರುಪುರದ ತಿರುವು ಬರುವ ಮೊದಲೇ ವೇಗ ತಗ್ಗಿಸಿದೆ. ಟಿಬೆಟಿನವರ ಕ್ಯಾಂಪಿನ ಕಡೆಯಿಂದ ಬಣ್ಣದ ಬಾವುಟಗಳು ಕಾಣಿಸುತ್ತಿದ್ದವು. ಇಬ್ಬರು ಲಾಮಾಗಳು ಬೈಕಿನಲ್ಲಿ ಹೋದರು. ನಾಯಿ ಕುಂಯ್‌ಗುಟ್ಟಿತು. ಅದಕ್ಕೆ ಇಳಿಯಬೇಕಿತ್ತು. ಸರಿ, ಇಳಿಸಿದೆ. ಅದು ತನ್ನ ಕೆಲಸ ಮುಗಿಸಿ ನಿಮ್ಮೂರ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ನೋಡಿ, ಬರುವುದಿಲ್ಲವೇ ಎಂಬಂತೆ ನಿಂತಿತು.

ಕಳೆ ಕೀಳಲು ಹೊರಟ ಒಬ್ಬ ಅಮ್ಮ ನಿಂತು, "ಯಾರ್ ಮನ್ಗೆ ಓಗ್ಬೇಕಣ್ಣ?" ಎಂದಳು.

ಮೂರು ಸಾವಿರ ಜನರ ಮುಂದೆ ಏಳು ಪುಟದ ಮಾತನ್ನು ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದ ಬಾಯಿ ಇದು. ನಿನ್ನ ಹೆಸರು ಮೂರೇ ಅಕ್ಷರ. ಬರಲಿಲ್ಲ. "ನಾಯಿ ಇಳಿಸೋಕೆ ನಿಲ್ಲಿಸಿದ್ದು ತಾಯಿ" ಎಂದು ಹೇಳಿ, ಮಂತ್ರಿಯನ್ನು ಎತ್ತಿ ಒಳಗೆ ಹಾಕಿ, ರಾಜ ಚಂಡವರ್ಮ ಪಲಾಯನ ಮಾಡಿದ.

ಈಗ ಬೇಗೂರು. ಕಾಡಿನಂಚಿನಲ್ಲಿ ಕರಿಯನ ಜನರ ಹಾಡಿ. ನೀನೇ ಅವನನ್ನು ಕಂಪನಿಗೆ ಕರೆತಂದದ್ದು, ನೆನಪಿದೆಯೇ? ನಿಮ್ಮ ಹೊಲಕ್ಕೆ ಹೊಗೆಸೊಪ್ಪು ಮುರಿಯಲು ಕೂಲಿಗೆ ಬಂದವನನ್ನು, ಇವನ ಕೈ ಹಗ್ಗಕ್ಕೆ ಹೇಳಿ ಮಾಡಿಸಿದ್ದು ಎಂದು ಪರದೆಗೆ ನಿಲ್ಲಿಸಿದೆ. ಈಗಲೂ ಹಾಗೇ ಇದ್ದಾನೆ, ಸಣ್ಣಗೆ, ನೆಟ್ಟಗೆ. ಬಿದಿರಿನ ತಡಿಕೆ ಹೆಣೆಯುತ್ತಾನೆ, ಮನೆಯ ಸುತ್ತ ರಾಗಿ, ಅವರೆ. ಇಲ್ಲಿ ಫೋನಿಗೆ ಸಿಗ್ನಲ್ಲು ಬಂದರೆ ಕೇರಳಕ್ಕೆ ಸ್ವಾಗತ ಎಂದು ಬರುತ್ತದೆ. ಅವನ ಹೆಂಡತಿ ಬೊಮ್ಮಮ್ಮ ಮೊದಲು ಮಾಡಿದ ಕೆಲಸ ನಾಯಿಯನ್ನು ಹಗ್ಗ ಹಾಕಿ ಮನೆಯೊಳಕ್ಕೆ ಎಳೆದದ್ದು. "ಕತ್ಲಾದ್ರೆ ಆಚೆ ಬುಡಬ್ಯಾಡಿ. ಚಿರ್ತೆಗೆ ನಾಯಿ ಅಂದ್ರೆ ನಿಮ್ಗೆ ಕಡ್ಲೇಪುರಿ ಇದ್ದಂಗೆ" ಎಂದಳು. ಬಷೀರಾಬಿಯ ಮನೆಯಲ್ಲಿ ಸಿಗದ ಹೊಸ್ತಿಲು ಮಂತ್ರಿಗೆ ಇಲ್ಲಿ ಸಿಕ್ಕಿತು. ಒಲೆಯ ಪಕ್ಕ ಮಲಗಿ ನನ್ನ ಕಡೆ ನೋಡುವುದನ್ನೇ ಬಿಟ್ಟಿದೆ.

ಇವತ್ತು ಬೆಳಗ್ಗೆ ಕರಿಯನೂ ನಾನೂ ಹಿನ್ನೀರಿನ ಕಡೆ ನಡೆದು ಹೋದೆವು. ನೀರು ತುಂಬಾ ಕೆಳಗೆ ಹೋಗಿದೆ. ಬಯಲಾದ ನೆಲದಲ್ಲಿ ಹಸಿರು ಹುಲ್ಲು, ದೂರದಲ್ಲಿ ಮರಿಗಳ ಜೊತೆ ಆನೆಗಳು.   ಮಾತನ್ನು ಅವನೇ ಶುರು ಮಾಡಿದ.

"ಸಾಬ್ರೇ, ಒಂದ್ ಮಾತ್ ಕೇಳ್ಲಾ?"

"ಕೇಳೋ."

"ನಾನು ಬೀಡಿ ಸೇದಕ್ಕೋಗಿದ್ದೆ ಅಂತ ಕಂಡೋರ್ ತಾವೆಲ್ಲಾ ಏಳ್ಕಂಡ್ ತಿರುಗ್ತೀರಂತಲ್ಲ, ನಿಜ್ವಾ?"

ಸಿಟ್ಟಿನಿಂದಲ್ಲ. ಮಳೆ ಬೆಳೆ ವಿಚಾರಿಸಿದ ಹಾಗೆ ಕೇಳಿದ. ನಾನು ಆನೆಗಳನ್ನು ನೋಡಿದೆ.

"ನಾ ಬೀಡಿ ಬುಟ್ಟು ಇಪ್ಪತ್ ವರ್ಸಾಯ್ತು ಸಾಬ್ರೇ. ಅವತ್ತು ಮೊದುಲ್ನೇ ಸಲ ಆ ಮಾತು ನಿಮ್ ಬಾಯಿಂದ ಬಂದೇಟ್ಗೆ ನಾನು ಅಗ್ಗ ಸಡ್ಲಿಸ್ದೆ. ಪರ್ದೆ ಒಂದ್ ಮೊಳ ಇಳೀತು. ನೀವು ಎಡಗೈ ಇಂಗ್ ಚಾಚಿದ್ರಿ." ಕೈ ಚಾಚಿ ತೋರಿಸಿದ. "ರಾಜ ಎಡಗೈ ಚಾಚುದ್ರೆ ಪರ್ದೆ ತಡಿ ಅಂತ ನೀವೇ ಕಲ್ಸಿದ್ದು. ತಡ್ದೆ. ಎಲ್ಡ್ನೇ ಸಲ ಬುಡಕ್ಕೋದೆ. ಅವಾಗ್ಲೂ ಚಾಚಿದ್ರಿ."

ನಂಜುಂಡ, ಅವನು ಕೈ ಚಾಚಿದ ಕೂಡಲೇ ನನ್ನ ಎಡ ಭುಜಕ್ಕೆ ನೆನಪಾಯಿತು. ತಲೆ ಮರೆತದ್ದನ್ನು ಭುಜ ಮರೆತಿರಲಿಲ್ಲ. ಜನ ಆಡಿಸಿದರು, ಪರದೆ ಕೈಕೊಟ್ಟಿತು ಎಂದು ಹನ್ನೊಂದು ವರ್ಷ ಊರೂರಿನಲ್ಲಿ ಹೇಳಿದೆ, ಹೇಳುತ್ತಾ ಹೇಳುತ್ತಾ ನಾನೇ ನಂಬಿದೆ. ಪರದೆ ಕೈಕೊಡಲಿಲ್ಲ. ನಿನ್ನನ್ನು ಉಳಿಸಲು ಅದು ಎರಡು ಸಲ ಇಳಿಯಿತು. ಎರಡು ಸಲವೂ ನಾನು ತಡೆದೆ. ಆ ನಗು ಅಷ್ಟು ರುಚಿಯಾಗಿತ್ತು.

"ತಪ್ಪಾಯ್ತು ಕರಿಯ" ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ನಂಗೇನ್ ಬುಡಿ, ಬೀಡಿ ತಾನೆ" ಎಂದು ಅವನು ನಕ್ಕ. "ಗುರುಪುರದ ತಾವ ಏಳಿ. ನಾಳೆ ಬೊಮ್ಮಿ ಅಲ್ಲೇ ಪಕ್ಕದ್ ಆಡೀಲಿರೋ ಅವ್ಳ ತಂಗಿ ಮನೆಗ್ ಓಯ್ತಾವ್ಳೆ. ಮುಖ ತೋರ್ಸಕ್ಕಾಗ್ದಿದ್ರೆ ಕಾಗ್ದ ಬರೀರಿ."

ಹಾಗಾಗಿ ಬೊಮ್ಮಮ್ಮ ಒಲೆಯ ಮುಂದೆ ಮೀನು ಹುರಿಯುತ್ತಿದ್ದಾಳೆ, ನಾನು ಬಾಗಿಲ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ನಾಳೆ ಸಂಜೆಯ ಹೊತ್ತಿಗೆ ಈ ಕಾಗದ ನಿಮ್ಮ ಜಗಲಿಯಲ್ಲಿರುತ್ತದೆ. ಅವಳಿಗೆ ಕಾಫಿ ಕೊಡದೆ ಕಳಿಸಬೇಡಿ. ನಮ್ಮಿಬ್ಬರ ಸಿಟ್ಟು ಅವಳ ಮೇಲೆ ಹರಿಯದಿರಲಿ.

ನೀನು ಮತ್ತೆ ಪಾತ್ರ ಕಟ್ಟು ಎಂದು ನಾನು ಕೇಳುವುದಿಲ್ಲ. ಕ್ಷಮಿಸು ಎಂದೂ ಒತ್ತಾಯಿಸುವುದಿಲ್ಲ. ಶನಿವಾರ ಬಾ, ಬಂದು ಬೈಯಿ. ಹನ್ನೊಂದು ವರ್ಷದಲ್ಲಿ ಕೂಡಿಟ್ಟದ್ದನ್ನೆಲ್ಲ ತಿರುವಿನಲ್ಲೇ ನಿಂತು ಬೈಯಿ. ನಾನು ಅಡ್ಡ ಮಾತಾಡುವುದಿಲ್ಲ. ನಿನಗೆ ಬರಲು ಮನಸ್ಸಾಗದಿದ್ದರೆ ಅದಕ್ಕೂ ನಿನಗೆ ಹಕ್ಕಿದೆ. ನಾನು ಕೆ.ಆರ್. ನಗರಕ್ಕೆ ಹೋಗಿ, ಮನೆಯ ಹೊಸ್ತಿಲಾಚೆ ಎಷ್ಟು ದಿನ ಮಲಗಬೇಕೋ ಮಲಗುತ್ತೇನೆ, ಜೊತೆಗೆ ಹೇಗೂ ನಾಯಿ ಇದೆ.

ನಿನ್ನ ಕೆಮ್ಮಿಗೆ ಔಷಧಿ ತೆಗೆದುಕೋ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಡ. ಸಸಿಗಳಿಗೆ ಹದವಾದ ಮಳೆ ಬರಲಿ. ಪ್ರೇಮಾಳ ಮಂಡಿ ನೋವು ಕಡಿಮೆಯಾಗಲಿ. ಸಂಘಮಿತ್ರಳ ತರಗತಿಯ ಮಕ್ಕಳು ಅವಳ ಮಾತು ಕೇಳುವಂತಾಗಲಿ. ನಿಮ್ಮ ಮನೆಯ ಮೇಲೆ ಅಲ್ಲಾಹನ ರಹಮತ್ತೂ ನಿಮ್ಮ ದೇವರ ಕೃಪೆಯೂ ಒಟ್ಟಿಗೆ ಇರಲಿ, ಒಂದು ಮುಖ ತಿರುಗಿಸಿದರೆ ಇನ್ನೊಂದು ನೋಡಿಕೊಳ್ಳಲಿ.

ನಿನ್ನ ಹಳೆಯ ರಾಜ, ಈಗ ಬರೀ ಗೆಳೆಯನಾಗಲು ಬಯಸುವ,
ಜಾನ್ ಪಾಷಾ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬರಲೆಂದು ಕಾದದ್ದು. ಪ್ರೇಮಾ, ಇಲ್ಲಿಂದ ಮುಂದೆ ಕಾಗದವನ್ನು ಸಂಘಮಿತ್ರಳ ಕೈಗೆ ಕೊಡು. ಅವಳೇ ಓದಲಿ, ಅಪ್ಪನಿಗೆ ಕೇಳುವ ಹಾಗೆ.

ಮಗಳೇ ಸಂಘಮಿತ್ರ, ಅವತ್ತು ನೀನು ಐದನೇ ತರಗತಿ. ಮುಂದಿನ ಸಾಲಿನ ಚಾಪೆಯ ಮೇಲೆ ಕುಳಿತಿದ್ದೆ. ಶತ್ರುರಾಜನ ಓಲೆ ಬರುವ ದೃಶ್ಯ. ಮಂತ್ರಿ ಅದನ್ನು ಬಿಚ್ಚಿ ಸಭೆಗೆ ಓದಬೇಕು. ಯಾವಾಗಲೂ ಖಾಲಿ ಹಾಳೆ ಕೊಡುತ್ತಿದ್ದೆವು. ಅವತ್ತು ಯಾರದೋ ಮದುವೆಯ ಕಾಗದ ಸುತ್ತಿ ಕೊಟ್ಟಿದ್ದರು. ನಿನ್ನ ಅಪ್ಪ ಅದನ್ನು ತಲೆಕೆಳಗಾಗಿ ಹಿಡಿದು, ಓಲೆಯ ಮಾತನ್ನು ಒಂದಕ್ಷರ ತಪ್ಪದೆ ಹೇಳಿದ. ನಾನು ಅದನ್ನು ಕಿತ್ತುಕೊಂಡು ಜನರ ಕಡೆ ತಿರುಗಿಸಿ ಹಿಡಿದು ಕೂಗಿದೆ: "ನೋಡಿರಯ್ಯಾ, ಓಲೆ ತಲೆಕೆಳಗು! ಅಕ್ಷರ ಬಾರದ ಮಂತ್ರಿಯನ್ನು ಕಟ್ಟಿಕೊಂಡು ರಾಜ್ಯ ಆಳುತ್ತಿದ್ದೇನೆ!"

ಓದು ಬಾರದ ನಟರು ನಮ್ಮಲ್ಲಿ ಎಷ್ಟೋ ಜನ. ಕೇಳಿ ಕಲಿಯುತ್ತಾರೆ, ಅದು ನಾಚಿಕೆಯ ಮಾತೇ ಅಲ್ಲ. ಊರಿನವರಿಗೆಲ್ಲ ಗೊತ್ತಿತ್ತು, ಅದಕ್ಕೇ ನಕ್ಕರು. ಗೊತ್ತಿಲ್ಲದವಳು ನೀನೊಬ್ಬಳೇ. ಮೂರನೆಯ ಸಲ ಕೂಗುವಾಗ ನಿನ್ನ ಮುಖ ಕಂಡಿತು. ನೀನು ನಗುತ್ತಿರಲಿಲ್ಲ. ಅಪ್ಪನ ಖಾಲಿ ಕೈ ನೋಡುತ್ತಿದ್ದೆ.

ದಿನಾ ಸಂಜೆ ನಿನ್ನ ಪುಸ್ತಕವನ್ನು ಕೈಯಲ್ಲಿ ಹಿಡಿದು ನಿನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಅಪ್ಪ ಅಷ್ಟು ವರ್ಷವೂ ನಿನಗೆ ಸುಳ್ಳು ಆಡಿದ ಎಂದು ನೀನು ತಿಳಿದೆ. ಮರುದಿನದಿಂದ ಅವನ ಮುಂದೆ ಪುಸ್ತಕ ತೆರೆಯಲೇ ಇಲ್ಲವಂತೆ. ಭಾಗ್ಯಮ್ಮ ಹೇಳಿದ್ದು ಇದನ್ನೇ. ಅವನು ಕಳೆದುಕೊಂಡದ್ದು ಸ್ಟೇಜು ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಈಗ ಅವನಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲದ್ದನ್ನು ಕೇಳು. ಪ್ರತಿ ಭಾನುವಾರ ತಾಲೀಮಿಗೆ ಬರುವಾಗ ಅವನ ಚೀಲದಲ್ಲಿ ನಿನ್ನ ಪುಸ್ತಕಗಳಿರುತ್ತಿದ್ದವು. ನಾಟಕದ ಮಾತು ಆಮೇಲೆ, ಮೊದಲು ನಿನ್ನ ಪಾಠ. "ಈ ವಾರದ್ದು ಓದಲಾ ಪಾಷಾ" ಎಂದು ಸೀನರಿ ಸುರುಳಿಗಳ ಮೇಲೆ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಿದ್ದ. ನಾನು ಎರಡು ಸಲ ಓದಿದರೆ ಸಾಕು. ಮಗ್ಗಿ, ಪದ್ಯ, ನದಿಗಳ ಹೆಸರು, ಯಾವ ಚಿತ್ರದ ಪಕ್ಕ ಯಾವ ಪ್ರಶ್ನೆ, ಎಲ್ಲವೂ ಅವನ ಬಾಯಲ್ಲಿ ಇರುತ್ತಿತ್ತು. ಅವನಿಗೆ ಪಾಠ ಓದಿ ಹೇಳಿದ ಈ ಬಾಯೇ ಆ ಮಾತನ್ನೂ ಆಡಿತು.

ಅವನು ಸುಮ್ಮನೆ ಪುಸ್ತಕ ಹಿಡಿದು ಕುಳಿತವನಲ್ಲ. ನೀನು ಒಂದು ಸಾಲು ನುಂಗಿದರೆ ಹಿಡಿಯುತ್ತಿರಲಿಲ್ಲವೇ? ನಿನಗೆ ಈಗ ಪಾಠ ಒಪ್ಪಿಸಿಕೊಳ್ಳುವ ಕೆಲಸ ಗೊತ್ತಿದೆ, ನೀನೇ ಯೋಚಿಸಿ ನೋಡು. ಅಪ್ಪ "ಸರಿ" ಎಂದು ಕಳಿಸಿದ ಪಾಠ ಶಾಲೆಯಲ್ಲಿ ಒಂದು ದಿನವಾದರೂ ತಪ್ಪಾಯಿತೇ, ಮಗಳೇ?